ದಿನನಿತ್ಯದ ವಿಚಿತ್ರ: ಒಬ್ಬ ಯುವ ಚಿತ್ರಕಾರನ ಪ್ರದರ್ಶನದಿಂದ ನಮಗೇನು?

(ಸ್ಯಾಂಡಿಫರ್ಡ್‌ನಲ್ಲಿ ನಡೆದ ಕನ್ನಡಿಗರ ಸಮಾವೇಶದ ಪ್ರಧಾನ ಭಾಷಣದ ಲಿಖಿತ ರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಕಾರ್ಕ್, ಗಾಲ್ವೇ, ಲಿಮೆರಿಕ್‌ಗಳಿಂದ ಬೆಳಗಿನ ಜಾವವೇ ಎದ್ದು ಹೊರಟು ಬಂದ ಸ್ನೇಹಿತರಿಗೆ, ರಾತ್ರಿ ಪಾಳಿ ಮುಗಿಸಿ ನಿದ್ದೆಯನ್ನೂ ಮಾಡದೆ ನೇರವಾಗಿ ಇಲ್ಲಿಗೆ ಬಂದಿರುವ ನರ್ಸ್ ಅಕ್ಕತಂಗಿಯರಿಗೆ, ಹಾಗೆಯೇ ಹಿಂದಿನ ಕೋಣೆಯಲ್ಲಿ ನಮ್ಮೆಲ್ಲರ ಊಟಕ್ಕೆ ಒಗ್ಗರಣೆ ಹಾಕುತ್ತಿರುವ ಸ್ವಯಂಸೇವಕರಿಗೆ ವಿಶೇಷ ನಮಸ್ಕಾರ. ಒಗ್ಗರಣೆಯ ಹೊಗೆಗೆ ಫೈರ್ ಅಲಾರಂ ಹೊಡೆದುಕೊಂಡರೆ ಯಾರೂ ಗಾಬರಿಯಾಗಬೇಡಿ. ನನ್ನ ಭಾಷಣಕ್ಕೆ ಒಂದು ವಿರಾಮ ಸಿಕ್ಕಿತು ಎಂದುಕೊಳ್ಳಿ.

ಈ ಸಲದ ವಿಷಯ ಕೇಳಿ ಕೆಲವರು ಆಶ್ಚರ್ಯಪಟ್ಟರು. ವೀಸಾ, ಮನೆ ಬಾಡಿಗೆ, ತೆರಿಗೆ, ಮಕ್ಕಳ ಶಾಲೆ, ಇಷ್ಟೆಲ್ಲ ತಲೆನೋವು ಇರುವಾಗ ಚಿತ್ರಕಲೆ ಯಾಕೆ, ಅದೂ ಯಾವನೋ ಒಬ್ಬನ ಪ್ರದರ್ಶನದ ಬಗ್ಗೆ ಯಾಕೆ ಎಂದು. ಪ್ರಶ್ನೆ ನ್ಯಾಯವಾದದ್ದೇ. ನಾನು ಚಿತ್ರಕಾರನಲ್ಲ, ವಿಮರ್ಶಕನೂ ಅಲ್ಲ. ಆಫೀಸು ಮುಗಿಸಿ, ರಜೆಯ ದಿನ ಗ್ಯಾಲರಿಗಳಲ್ಲಿ ಸುತ್ತಾಡುವ ಒಬ್ಬ ಸಾಮಾನ್ಯ ನೌಕರ. ಆದರೂ ಈ ವಿಷಯ ನಮ್ಮ ಬದುಕಿಗೆ ಬಹಳ ಹತ್ತಿರದ್ದು ಎಂದು ನನಗೆ ಅನ್ನಿಸುತ್ತದೆ. ಹೇಗೆ ಎಂದು ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಮಾತು. ನಾವೆಲ್ಲ ದಿನವೂ ಬಳಸುವ 'ಚಿತ್ರ' ಎಂಬ ಪದ ಸಂಸ್ಕೃತದಿಂದ ಬಂದದ್ದು. ಅಲ್ಲಿ ಅದಕ್ಕೆ ಬಿಡಿಸಿದ ಪಟ ಎಂಬ ಅರ್ಥವೂ ಇದೆ, ಬೆರಗು ಹುಟ್ಟಿಸುವಂಥದ್ದು ಎಂಬ ಅರ್ಥವೂ ಇದೆ. ಅದಕ್ಕೆ 'ವಿ' ಸೇರಿಸಿದರೆ ವಿಚಿತ್ರ. ಎರಡನ್ನೂ ಜೋಡಿಸಿ ನಾವು 'ಚಿತ್ರವಿಚಿತ್ರ' ಅನ್ನುತ್ತೇವೆ. ಅಂದರೆ ನಮ್ಮ ಭಾಷೆಯಲ್ಲಿ ಚಿತ್ರಕ್ಕೂ ವಿಚಿತ್ರಕ್ಕೂ ನೆಂಟಸ್ತಿಕೆ ಮೊದಲಿನಿಂದಲೂ ಇದೆ. ಇವತ್ತಿನ ನನ್ನ ಮಾತೆಲ್ಲ ಈ ನೆಂಟಸ್ತಿಕೆಯ ಬಗ್ಗೆಯೇ.

ಈಗ ನಿಮ್ಮನ್ನು ಒಂದು ಪ್ರಯಾಣಕ್ಕೆ ಕರೆದುಕೊಂಡು ಹೋಗುತ್ತೇನೆ. ಟಿಕೆಟ್ ಖರ್ಚಿಲ್ಲ. ನಮ್ಮ ಸ್ಯಾಂಡಿಫರ್ಡ್ ಸ್ಟಾಪಿನಲ್ಲಿ ಲುವಾಸ್ ಹಸಿರು ಲೈನ್ ಹತ್ತಿ. ಸ್ಟಿಲ್ಲಾರ್ಗನ್, ಕಿಲ್ಮಕುಡ್, ಬಲಾಲಿ, ಡಂಡ್ರಮ್. ಈ ಹೆಸರುಗಳು ನಿಮಗೆ ಬಾಯಿಪಾಠ. ಮುಂದೆ ರಾನೆಲಾ, ಶಾರ್ಲಮಾಂಟ್ ದಾಟಿ ಹಾರ್ಕೋರ್ಟ್ ಬರುತ್ತದೆ. ಈ ಟ್ರಾಮ್ 2004ರ ಜೂನ್ 30ರಂದು ಶುರುವಾಯಿತು. ಆದರೆ ದಾರಿ ಹಳೆಯದು. ಇಲ್ಲಿ ಹಿಂದೆ ರೈಲು ಓಡುತ್ತಿತ್ತು, ಅದನ್ನು 1958ರ ಕೊನೆಯಲ್ಲಿ ಮುಚ್ಚಿದರು. ಆ ರೈಲಿನ ಕೊನೆಯ ನಿಲ್ದಾಣ ಹಾರ್ಕೋರ್ಟ್ ಸ್ಟ್ರೀಟ್. ಅದರ ಪಕ್ಕಕ್ಕೇ ಹ್ಯಾಚ್ ಸ್ಟ್ರೀಟ್ ಎಂಬ ಬೀದಿ. ನಮ್ಮಲ್ಲಿ ಎಷ್ಟೋ ಜನ ದಿನಕ್ಕೆ ಎರಡು ಸಲ ಆ ಬೀದಿಯ ಹತ್ತಿರ ಹಾದುಹೋಗುತ್ತೇವೆ, ಮೊಬೈಲಿನಿಂದ ತಲೆ ಎತ್ತದೆ.

ಆ ಹ್ಯಾಚ್ ಸ್ಟ್ರೀಟಿನಲ್ಲಿ, 1950ರ ಸುಮಾರಿಗೆ, ಪ್ಯಾಟ್ರಿಕ್ ಸ್ವಿಫ್ಟ್ ಎಂಬ ಯುವಕನ ಸ್ಟುಡಿಯೋ ಇತ್ತು. ಹುಟ್ಟಿದ್ದು ಡಬ್ಲಿನ್‌ನಲ್ಲೇ, 1927ರಲ್ಲಿ. ಶ್ರೀಮಂತರ ಮನೆಯ ಹುಡುಗನಲ್ಲ. ಕೆಲ ಕಾಲ ಡಬ್ಲಿನ್ ಗ್ಯಾಸ್ ಕಂಪನಿಯಲ್ಲಿ ಕೆಲಸ ಮಾಡಿದ, ಸಂಜೆಯ ಹೊತ್ತು ಕಲಾಶಾಲೆಯ ತರಗತಿಗೆ ಹೋದ. ಹೆಚ್ಚಿನದನ್ನು ತಾನೇ ಕಲಿತ. ಹಗಲು ಸಂಬಳದ ಕೆಲಸ, ಸಂಜೆ ಮನಸ್ಸಿನ ಕೆಲಸ. ಈ ಸಭೆಯಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಾರರು. ಹೊರಗೆ ಐಟಿ, ಒಳಗೆ ಯಕ್ಷಗಾನ. ಹೊರಗೆ ಆಸ್ಪತ್ರೆ, ಒಳಗೆ ಸಂಗೀತ. ನಮ್ಮ ಎಷ್ಟೋ ಮನೆಗಳು ನಡೆಯುವುದು ಹೀಗೆಯೇ.

ಹಾರ್ಕೋರ್ಟ್‌ನಿಂದ ಮುಂದಿನದು ಸೇಂಟ್ ಸ್ಟೀಫನ್ಸ್ ಗ್ರೀನ್, ಅದರ ಮುಂದಿನದು ಡಾಸನ್. ಡಾಸನ್‌ನಲ್ಲಿ ಇಳಿದರೆ ಅಲ್ಲಿಂದ ಗ್ರಾಫ್ಟನ್ ಸ್ಟ್ರೀಟಿಗೆ ಹೋಗುವ ಒಂದು ಸಣ್ಣ ಬೀದಿ ಇದೆ, ಸೌತ್ ಆ್ಯನ್ ಸ್ಟ್ರೀಟ್. ಅಲ್ಲಿ ಆಗ ವಿಕ್ಟರ್ ವಾಡಿಂಗ್ಟನ್ ಅವರ ಗ್ಯಾಲರಿ ಇತ್ತು. ಐರ್ಲೆಂಡಿನ ದೊಡ್ಡ ಚಿತ್ರಕಾರ ಜ್ಯಾಕ್ ಬಿ. ಯೇಟ್ಸ್ ಅವರ ಚಿತ್ರಗಳನ್ನು ಮಾರುತ್ತಿದ್ದ ಗ್ಯಾಲರಿ ಅದು. 1952ರಲ್ಲಿ, 25ನೇ ವಯಸ್ಸಿನಲ್ಲಿ, ಸ್ವಿಫ್ಟ್‌ನ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದದ್ದು ಅಲ್ಲಿ. ಸುಮಾರು 30 ಚಿತ್ರಗಳು.

ಆ ಚಿತ್ರಗಳಲ್ಲಿ ಏನಿತ್ತು? ಯುದ್ಧ, ಪುರಾಣ, ಹಸಿರು ಬೆಟ್ಟ, ಸೂರ್ಯಾಸ್ತ, ಇಂಥದ್ದೇನೂ ಇರಲಿಲ್ಲ. ಕುಂಡದಲ್ಲಿ ಬೆಳೆದ ಗಿಡಗಳು. ಸತ್ತ ಹಕ್ಕಿಗಳು, ಮೊಲಗಳು. ಸುಮ್ಮನೆ ಕುಳಿತ ಹುಡುಗಿಯರು. ಇಷ್ಟೇ. ಒಂದು ಬಡ ಬಾಡಿಗೆ ಕೋಣೆಯಲ್ಲಿ ಕಣ್ಣಿಗೆ ಬೀಳಬಹುದಾದ ಸಾಮಾನುಗಳು, ಮನುಷ್ಯರು. ಬಣ್ಣವೂ ಹೆಚ್ಚಾಗಿ ಬೂದು, ನಮ್ಮ ನವೆಂಬರ್ ತಿಂಗಳ ಆಕಾಶದ ಹಾಗೆ. ಆದರೆ ಗಿಡದ ಒಂದೊಂದು ಎಲೆಯ ಅಂಚನ್ನೂ ಅವನು ಎಷ್ಟು ಗಟ್ಟಿಯಾಗಿ, ಎಷ್ಟು ಖಚಿತವಾಗಿ ಬಿಡಿಸಿದ್ದನೆಂದರೆ, ನೋಡಿದವರಿಗೆ ಒಂದು ಬಗೆಯ ಕಸಿವಿಸಿ ಆಯಿತು. ಆ ಗಿಡ ಅಲಂಕಾರಕ್ಕೆ ಇಟ್ಟದ್ದಾಗಿ ಕಾಣುತ್ತಿರಲಿಲ್ಲ. ಅದಕ್ಕೂ ತನ್ನದೇ ಒಂದು ಜೀವನ, ಒಂದು ಹಟ ಇದ್ದಂತೆ ಕಾಣುತ್ತಿತ್ತು. ಡಬ್ಲಿನ್ ಪತ್ರಿಕೆಗಳ ವಿಮರ್ಶಕರು ಮೆಚ್ಚಿದರು. ವಸ್ತುಗಳ ಇರವಿನಲ್ಲೇ ಇರುವ ಒಂದು ಬಿಗಿತವನ್ನು ಈತ ಹೊರಗೆ ತಂದಿದ್ದಾನೆ ಎಂಬ ಅರ್ಥದ ಮಾತು ಆಗ ಬಂತು. ಅಮೆರಿಕದ ಟೈಮ್ ಪತ್ರಿಕೆಯೂ ಈ ಪ್ರದರ್ಶನದ ಬಗ್ಗೆ ಬರೆಯಿತು.

ಸ್ನೇಹಿತರೆ, ಕುಂಡದ ಗಿಡ ಯಾರ ಮನೆಯಲ್ಲಿ ಇಲ್ಲ? ನಾವು ಕಿಟಕಿಯ ಬಳಿ ಕರಿಬೇವಿನ ಗಿಡ ಇಟ್ಟುಕೊಂಡು, ಚಳಿಗಾಲದಲ್ಲಿ ಅದು ಬದುಕಲಿ ಎಂದು ದೇವರಿಗೆ ಹರಕೆ ಹೊರುವ ಜನ. ಹಾಗಾದರೆ ದಿನವೂ ಕಾಣುವ ಗಿಡ, ಇನ್ನೊಬ್ಬ ಬಿಡಿಸಿದಾಗ ಯಾಕೆ ವಿಚಿತ್ರವಾಗಿ ಕಾಣುತ್ತದೆ?

ಕಾರಣ ಸರಳ. ದಿನವೂ ಕಾಣುವುದನ್ನು ನಾವು ನೋಡುವುದಿಲ್ಲ. ಗುರುತಿಸುತ್ತೇವೆ ಅಷ್ಟೆ. ಬಾಗಿಲು, ಕೆಟಲ್, ಚಪ್ಪಲಿ, ಗಂಡ, ಹೆಂಡತಿ ಎಂದು ಮನಸ್ಸು ಒಂದೊಂದಕ್ಕೂ ಚೀಟಿ ಅಂಟಿಸಿ ಮುಂದೆ ಹೋಗುತ್ತದೆ. ಹಾಗೆ ಹೋಗದಿದ್ದರೆ ಬೆಳಿಗ್ಗೆ ಎಂಟೂವರೆಯ ಟ್ರಾಮ್ ಸಿಗುವುದಿಲ್ಲ, ಆದ್ದರಿಂದ ಅದರಲ್ಲಿ ತಪ್ಪೂ ಇಲ್ಲ. ಚಿತ್ರಕಾರ ಮಾಡುವುದು ಇಷ್ಟೇ: ಚೀಟಿಯನ್ನು ಕಿತ್ತು, ಕೆಳಗಿರುವುದನ್ನು ನೋಡುತ್ತಾನೆ. ಎಷ್ಟು ಹೊತ್ತು ನೋಡುತ್ತಾನೆಂದರೆ, ಗೊತ್ತಿದ್ದ ವಸ್ತು ಗೊತ್ತಿಲ್ಲದ್ದಾಗುತ್ತದೆ. ಅದನ್ನೇ ನಾವು ವಿಚಿತ್ರ ಅನ್ನುತ್ತೇವೆ. ಅದು ವಸ್ತುವಿಗೆ ಹೊರಗಿನಿಂದ ಬಂದದ್ದಲ್ಲ. ನಮ್ಮ ಅವಸರದ ಹಿಂದೆ ಅಡಗಿದ್ದದ್ದು.

ಏಕವ್ಯಕ್ತಿ ಪ್ರದರ್ಶನದ ಮಹತ್ವವೂ ಇಲ್ಲೇ ಇದೆ. ಹತ್ತು ಜನರ ಗುಂಪು ಪ್ರದರ್ಶನದಲ್ಲಿ ಒಬ್ಬನದು ಒಂದೋ ಎರಡೋ ಚಿತ್ರ ಇರುತ್ತದೆ. ಚೆನ್ನಾಗಿದೆ ಎಂದು ಹೇಳಿ ನಾವು ಮುಂದೆ ಹೋಗುತ್ತೇವೆ. ಆದರೆ ನಾಲ್ಕೂ ಗೋಡೆಯ ಮೇಲೆ ಒಬ್ಬನದೇ 30 ಚಿತ್ರ ಇದ್ದಾಗ, ನೋಡುಗನಿಗೆ ಕಾಣುವುದು ಆ ಮನುಷ್ಯನ ನೋಟ. ಅಲ್ಲಿ ಅಡಗಿಕೊಳ್ಳಲು ಮೂಲೆ ಇಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ವೆಂಕಟಪ್ಪ ಕಲಾ ಗ್ಯಾಲರಿಯಲ್ಲೋ, ಚಿತ್ರಕಲಾ ಪರಿಷತ್ತಿನಲ್ಲೋ ಮೊದಲ ಸಲ ಪ್ರದರ್ಶನ ಇಟ್ಟ ಯುವಕರನ್ನು ನೀವು ನೋಡಿರಬಹುದು. ಚೌಕಟ್ಟಿನ ಖರ್ಚು, ಆಹ್ವಾನಪತ್ರಿಕೆಯ ಖರ್ಚು, ಸಾಗಾಣಿಕೆಯ ಖರ್ಚು ಎಲ್ಲ ಸಾಲ ಮಾಡಿ, ಬಾಗಿಲ ಬಳಿ ಒಂದು ಕುರ್ಚಿ ಹಾಕಿಕೊಂಡು, ಅಭಿಪ್ರಾಯ ಪುಸ್ತಕದಲ್ಲಿ ಯಾರಾದರೂ ಎರಡು ಸಾಲು ಬರೆಯುತ್ತಾರೇನೋ ಎಂದು ಕಾಯುತ್ತಿರುತ್ತಾರೆ. 'ನಾನು ಹೀಗೆ ನೋಡುತ್ತೇನೆ' ಎಂದು ಊರಿನ ಮುಂದೆ ನಿಂತು ಹೇಳಲು ಧೈರ್ಯ ಬೇಕು.

ಈಗ ನಮ್ಮ ಕಡೆಗೆ ಬರೋಣ.

ಮೊದಲ ಸಲ ಡಬ್ಲಿನ್ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ನಮಗೆಲ್ಲ ಪ್ರತಿಯೊಂದೂ ವಿಚಿತ್ರವೇ. ಜೂನ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕು. ಮಕ್ಕಳನ್ನು ಮಲಗಿಸುವುದು ಹೇಗೆ? ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆ; ದೀಪ ಹಚ್ಚುವುದು ಯಾವಾಗ? ಇಮ್ಮರ್ಷನ್ ಸ್ವಿಚ್ ಎಂದರೇನು, ಹಸಿರು ಡಬ್ಬಿಗೆ ಯಾವ ಕಸ, ಕಂದು ಡಬ್ಬಿಗೆ ಯಾವ ಕಸ, ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರ್‌ಗೆ ಯಾಕೆ ಥ್ಯಾಂಕ್ಸ್ ಹೇಳುತ್ತಾರೆ, ಒಂದೇ ದಿನದಲ್ಲಿ ಮಳೆ ಬಿಸಿಲು ಆಲಿಕಲ್ಲು ಮೂರೂ ಹೇಗೆ ಬರುತ್ತವೆ. ಆ ಮೊದಲ ವಾರಗಳಲ್ಲಿ ಊರಿಗೆ ಫೋನ್ ಮಾಡಿದಾಗ ಮಾತು ಮುಗಿಯುತ್ತಲೇ ಇರಲಿಲ್ಲ.

ಆರು ತಿಂಗಳಾದ ಮೇಲೆ? 'ಏನು ವಿಶೇಷ?' ಎಂದು ಅಮ್ಮ ಕೇಳಿದರೆ, 'ಏನಿಲ್ಲಮ್ಮ, ಮಾಮೂಲಿ.' ಊರಿನವರು ಕೇಳುವ ಇನ್ನೊಂದು ಪ್ರಶ್ನೆ ನಿಮಗೆ ಗೊತ್ತೇ ಇದೆ: 'ಸೆಟ್ಲ್ ಆದ್ರಾ?' ನಾವೂ 'ಹೂಂ, ಆದ್ವಿ' ಅನ್ನುತ್ತೇವೆ. ಸೆಟ್ಲ್ ಆಗುವುದು ಎಂದರೆ ಬಹುಮಟ್ಟಿಗೆ ಇದೇ. ಏನೂ ಕಣ್ಣಿಗೆ ಬೀಳದ ಸ್ಥಿತಿಗೆ ತಲುಪುವುದು.

ಇಲ್ಲಿ ಎರಡು ಬಗೆಯ ವಿಚಿತ್ರಗಳನ್ನು ಬೇರೆಬೇರೆಯಾಗಿ ಇಡಬೇಕು. ಮೊದಲನೆಯದು ಹೊಸಬನ ವಿಚಿತ್ರ. ಅದು ಪುಕ್ಕಟೆ ಸಿಗುತ್ತದೆ, ಬೇಗ ಸವೆದುಹೋಗುತ್ತದೆ. ಎರಡನೆಯದು ಸ್ವಿಫ್ಟ್‌ನಂಥವರ ವಿಚಿತ್ರ. ಅವನು ಹುಟ್ಟಿ ಬೆಳೆದ ಊರು ಡಬ್ಲಿನ್. ಅಲ್ಲಿ ಅವನಿಗೆ ಹೊಸತು ಏನೂ ಇರಲಿಲ್ಲ. ಮೈಗೆ ಒಗ್ಗಿಹೋದ ಕೋಣೆಯನ್ನು ಅವನು ದುಡಿದು, ದಿಟ್ಟಿಸಿ, ಮತ್ತೆ ವಿಚಿತ್ರ ಮಾಡಿಕೊಂಡ. ಮೊದಲನೆಯದು ನಮಗೆಲ್ಲರಿಗೂ ಸಿಕ್ಕಿತ್ತು, ಹೋಯಿತು. ಎರಡನೆಯದು ನಮಗೆ ಬೇಕೋ ಬೇಡವೋ ಎಂಬುದೇ ಇವತ್ತಿನ ಪ್ರಶ್ನೆ.

ಬೇಕು ಎಂದು ನಾನು ಹೇಳಲು ಕಾರಣ ಇದೆ. ನಮ್ಮ ಫೋನಿನಲ್ಲಿರುವ ಫೋಟೋಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಮೊಹರ್ ಬಂಡೆಗಳು, ಗಣೇಶ ಹಬ್ಬ, ರಾಜ್ಯೋತ್ಸವ, ಹುಟ್ಟುಹಬ್ಬದ ಕೇಕ್. ನಮ್ಮ ಬದುಕಿನ ಶೇಕಡ ಎಷ್ಟು ಭಾಗ ಅದು? ವರ್ಷದಲ್ಲಿ ಹತ್ತೋ ಹನ್ನೆರಡೋ ದಿನ. ಉಳಿದ ಮಂಗಳವಾರಗಳೆಲ್ಲ ಎಲ್ಲಿ? ಬಿಸಿನೀರಿನ ಟ್ಯಾಂಕ್ ಇರುವ ಬೀರು, ಇಲ್ಲಿಯವರು ಹಾಟ್ ಪ್ರೆಸ್ ಎನ್ನುವುದು, ಅದರೊಳಗೆ ಟವೆಲ್‌ಗಳ ನಡುವೆ ಹುದುಗಲು ಇಟ್ಟ ದೋಸೆ ಹಿಟ್ಟಿನ ಪಾತ್ರೆ. ನಾಲ್ಕು ಜನ ಸೇರಿ ಬಾಡಿಗೆಗೆ ಹಿಡಿದ ಮನೆಯ ಫ್ರಿಜ್ಜಿನಲ್ಲಿ ನಾಲ್ಕು ತಟ್ಟು, ನಾಲ್ಕು ಉಪ್ಪಿನಕಾಯಿ ಬಾಟಲಿ. ಊರಿನಲ್ಲಿ ಇರುಳು ಕಳೆಯುವ ಮೊದಲೇ ಮಾತಾಡಬೇಕೆಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಕುಳಿತು ಅಪ್ಪನಿಗೆ ವಿಡಿಯೋ ಕಾಲ್ ಮಾಡುವುದು. 2008ರ ಆರ್ಥಿಕ ಕುಸಿತದಲ್ಲಿ ಕೆಲಸ ನಿಂತುಹೋಗಿ, ಬಹು ವರ್ಷ ಬರಿಯ ಕಾಂಕ್ರೀಟ್ ಅಸ್ಥಿಪಂಜರವಾಗಿ ಈ ಸ್ಯಾಂಡಿಫರ್ಡ್‌ನಲ್ಲಿ ನಿಂತಿದ್ದ ಆ ಎತ್ತರದ ಕಟ್ಟಡ. ಅದರ ಕೆಳಗೆ ನಾವು ಕಾಫಿ ಹಿಡಿದು ನಡೆದದ್ದು. ಇದೆಲ್ಲ ನಮ್ಮ ಜೀವನವೇ. ಆದರೆ ನಾವು ಇದನ್ನು ಜೀವನ ಎಂದು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ನಿಜವಾದ ಜೀವನ ಹಿಂದೆ ಊರಿನಲ್ಲಿತ್ತು, ಅಥವಾ ಮುಂದೆ ಎಂದೋ ಬರಲಿದೆ. ಈಗಿನದು ನಡುವಿನ ಕಾಯುವ ಕೋಣೆ ಎಂದು ನಾವು ತಿಳಿದಿದ್ದೇವೆ. ಹೀಗೆ ಕಾಯುತ್ತ ಹದಿನೈದು ವರ್ಷ, ಇಪ್ಪತ್ತು ವರ್ಷ ಕಳೆಯುತ್ತದೆ. ಮಕ್ಕಳು ದೊಡ್ಡವರಾಗಿ, 'ಅಪ್ಪ, ನೀವು ಬಂದ ಹೊಸತರಲ್ಲಿ ಹೇಗಿತ್ತು?' ಎಂದು ಕೇಳಿದಾಗ ತೋರಿಸಲು ನಮ್ಮ ಕೈಯಲ್ಲಿ ಬಂಡೆಯ ಫೋಟೋ ಮಾತ್ರ ಇರುತ್ತದೆ.

ದಿನನಿತ್ಯವನ್ನೇ ದೊಡ್ಡ ವಿಷಯ ಮಾಡಿದ ನಮ್ಮವರೇ ಒಬ್ಬರ ಉದಾಹರಣೆ ಕೊಡುತ್ತೇನೆ. ಮೈಸೂರಿನ ಎನ್. ಎಸ್. ಹರ್ಷ. 1969ರಲ್ಲಿ ಹುಟ್ಟಿದವರು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲೂ ಆಮೇಲೆ ಬರೋಡಾದಲ್ಲೂ ಕಲಿತವರು, ಮತ್ತೆ ಮೈಸೂರಿಗೇ ಬಂದು ಅಲ್ಲೇ ಕೆಲಸ ಮಾಡುತ್ತಿರುವವರು. 1999ರಿಂದ 2001ರ ನಡುವೆ ಅವರು ಮೂರು ದೊಡ್ಡ ಪಟಗಳ ಒಂದು ಕೃತಿ ಮಾಡಿದರು. ಅದರ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ಹೇಳಿದರೆ 'ನಾವು ಬರುತ್ತೇವೆ, ಉಣ್ಣುತ್ತೇವೆ, ಮಲಗುತ್ತೇವೆ' ಎಂದಾಗುತ್ತದೆ. ಅಷ್ಟೇ ವಿಷಯ! ಸಾಲುಸಾಲಾಗಿ ಜನ. ದೂರದಿಂದ ನೋಡಿದರೆ ಎಲ್ಲ ಒಂದೇ ಥರ, ಸೀರೆಯ ಅಂಚಿನ ವಿನ್ಯಾಸದ ಹಾಗೆ. ಹತ್ತಿರ ಹೋದರೆ ಒಬ್ಬರ ಹಾಗೆ ಇನ್ನೊಬ್ಬರಿಲ್ಲ.

2008ರಲ್ಲಿ ಅವರು ಮಾಡಿದ ಇನ್ನೊಂದು ಕೃತಿಯ ಹೆಸರು 'ಬಂದು ನಮಗೊಂದು ಭಾಷಣ ಮಾಡಿ' ಎಂಬರ್ಥದ್ದು. ಆರು ದೊಡ್ಡ ಕ್ಯಾನ್ವಾಸ್‌ಗಳ ಮೇಲೆ ಜನವೋ ಜನ, ಎಲ್ಲರೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದಾರೆ, ನೀವು ಈಗ ಕುಳಿತ ಹಾಗೆಯೇ. ಭಾಷಣಕಾರ ಮಾತ್ರ ಚಿತ್ರದಲ್ಲಿ ಇಲ್ಲ. ಈ ಜಾಗದಲ್ಲಿ ನಿಂತು ಆ ಚಿತ್ರವನ್ನು ನೆನೆದರೆ ನನಗೆ ಸ್ವಲ್ಪ ಭಯವೇ ಆಗುತ್ತದೆ! ಅದೇ ವರ್ಷ ಅವರಿಗೆ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಆರ್ಟೆಸ್ ಮುಂಡಿ ಪ್ರಶಸ್ತಿ ಬಂತು. 2010ರಲ್ಲಿ ನಮ್ಮ ಎದುರು ದಡದ ಲಿವರ್‌ಪೂಲ್‌ನ ಕಲಾಮೇಳದಲ್ಲಿ ನೆಲದ ತುಂಬ ಆಕಾಶ ನೋಡುವ ಜನರನ್ನು ಬಿಡಿಸಿ, ಮೇಲೆ ಕನ್ನಡಿ ಹಾಕಿದರು. ಬಂದ ನೋಡುಗ ತಲೆ ಎತ್ತಿದರೆ ಆ ಗುಂಪಿನಲ್ಲಿ ತಾನೂ ಒಬ್ಬ. 2017ರಲ್ಲಿ ಟೋಕಿಯೊದ ಮೋರಿ ಕಲಾ ಸಂಗ್ರಹಾಲಯದಲ್ಲಿ ಅವರ ದೊಡ್ಡ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಮೈಸೂರಿನ ಪಂಕ್ತಿ ಊಟ, ಮದುವೆ ಮನೆ, ಪ್ಲಾಸ್ಟಿಕ್ ಕುರ್ಚಿ ಇವೆಲ್ಲ ಹೀಗೆ ಲೋಕಕ್ಕೆ ತಲುಪಿದವು. ಲೋಕಕ್ಕೆ ತಕ್ಕಂತೆ ಅವರು ಅವನ್ನು ಬದಲಾಯಿಸಿಕೊಳ್ಳಲಿಲ್ಲ.

ಹರ್ಷ ಅವರ ಚಿತ್ರ ನನಗೆ ಒಂದು ಗಂಭೀರವಾದ ಮಾತಿಗೆ ದಾರಿ ಮಾಡಿಕೊಡುತ್ತದೆ. ಇದುವರೆಗೆ ನಾವು ನೋಡುವವರು ಎಂದುಕೊಂಡು ಮಾತಾಡಿದೆ. ಈ ದೇಶದಲ್ಲಿ ನಾವು ನೋಡಿಸಿಕೊಳ್ಳುವವರೂ ಹೌದು. ಬೇರೆಯವರ ಕಣ್ಣಿಗೆ ನಾವೇ ವಿಚಿತ್ರ.

2025ರ ಬೇಸಿಗೆ ನಿಮಗೆಲ್ಲ ನೆನಪಿದೆ. ಜುಲೈಯಲ್ಲಿ ಟ್ಯಾಲಾದಲ್ಲಿ ಒಬ್ಬ ಭಾರತೀಯರ ಮೇಲೆ ಹಲ್ಲೆ ಆಯಿತು. ಅದರ ಹಿಂದೆಯೇ ಇನ್ನಷ್ಟು ಸುದ್ದಿಗಳು ಬಂದವು. ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿ, ಎಚ್ಚರದಿಂದಿರಿ, ಹೊತ್ತಲ್ಲದ ಹೊತ್ತಿನಲ್ಲಿ ನಿರ್ಜನ ಜಾಗಕ್ಕೆ ಹೋಗಬೇಡಿ ಎಂದು ಸೂಚನೆ ಹೊರಡಿಸಿತು. ಆ ತಿಂಗಳು ಡಬ್ಲಿನ್‌ನಲ್ಲಿ ನಡೆಯಬೇಕಿದ್ದ ಇಂಡಿಯಾ ಡೇ ಮುಂದಕ್ಕೆ ಹೋಯಿತು. ಆ ದಿನಗಳಲ್ಲಿ ನಮ್ಮ ಮಾಮೂಲಿ ಎಲ್ಲ ಒಮ್ಮೆಲೇ ಮಾಮೂಲಿ ಅಲ್ಲವಾಯಿತು. ಅದೇ ಟ್ರಾಮ್ ಸ್ಟಾಪ್, ಅದೇ ಅಂಡರ್‌ಪಾಸ್, ಅದೇ ಹೂಡಿ ಹಾಕಿದ ಹುಡುಗರು. ಹಿಂದೆ ಕಾಣದೆ ದಾಟುತ್ತಿದ್ದದ್ದನ್ನೆಲ್ಲ ಈಗ ಎರಡೆರಡು ಸಲ ನೋಡುವಂತಾಯಿತು. ರಾತ್ರಿ ಪಾಳಿಯವರು ಮನೆ ಮುಟ್ಟುವ ತನಕ ಮನೆಯವರು ಫೋನ್ ಕೈಯಲ್ಲೇ ಹಿಡಿದಿರುತ್ತಿದ್ದರು. ಇದೂ ದಿನನಿತ್ಯ ವಿಚಿತ್ರವಾಗುವ ಒಂದು ರೀತಿ, ಬಹಳ ಕೆಟ್ಟ ರೀತಿ.

ಒಬ್ಬ ಚಿತ್ರಕಾರ ಅಪರಿಚಿತನನ್ನು ನೋಡುವುದಕ್ಕೂ, ಬೀದಿಯಲ್ಲಿ ಒಬ್ಬ ಹಲ್ಲೆಕೋರ ಅಪರಿಚಿತನನ್ನು ನೋಡುವುದಕ್ಕೂ ಏನು ವ್ಯತ್ಯಾಸ? ಇಬ್ಬರಿಗೂ ಎದುರಿನವನು ವಿಚಿತ್ರವಾಗಿಯೇ ಕಾಣುತ್ತಾನೆ. ಅವರು ಕೊಡುವ ಹೊತ್ತಿನಲ್ಲಿ ವ್ಯತ್ಯಾಸ ಇದೆ. ಬೀದಿಯವನು ಅರೆಕ್ಷಣ ನೋಡಿ, ಬಣ್ಣ, ಚರ್ಮ, ಮಾತು ಇಷ್ಟನ್ನೇ ಹಿಡಿದು ಚೀಟಿ ಅಂಟಿಸುತ್ತಾನೆ. ಚಿತ್ರಕಾರ ಅಲ್ಲೇ ನಿಂತು ನೋಡುತ್ತಲೇ ಇರುತ್ತಾನೆ. ಮೂಗಿನ ಪಕ್ಕದ ಗೆರೆ, ಕೈ ಇಟ್ಟುಕೊಂಡ ಬಗೆ, ಅಂಗಿಯ ಸವೆದ ಕಾಲರ್. ಹಾಗೆ ನೋಡಿದವನಿಗೆ ಎದುರಿನವನು ಇನ್ನೂ ವಿಚಿತ್ರವೇ, ಆದರೆ ಇನ್ನು ಶತ್ರುವಾಗಲಾರ. ಅವಸರದಲ್ಲಿ ಕಂಡ ವಿಚಿತ್ರ ಭಯವಾಗುತ್ತದೆ. ನಿಧಾನವಾಗಿ ಕಂಡ ವಿಚಿತ್ರ ಬೆರಗಾಗುತ್ತದೆ.

ಆ ಬೇಸಿಗೆಯಲ್ಲಿ ಟ್ಯಾಲಾದ ಬೀದಿಗಳಲ್ಲಿ ಊರಿನವರೇ ನೂರಾರು ಜನ ಜನಾಂಗದ್ವೇಷದ ವಿರುದ್ಧ ಮೆರವಣಿಗೆ ಮಾಡಿದ್ದನ್ನೂ, ಅಂದಿನ ರಾಷ್ಟ್ರಪತಿ ಮೈಕಲ್ ಡಿ. ಹಿಗ್ಗಿನ್ಸ್ ಹಲ್ಲೆಗಳನ್ನು ಬಹಿರಂಗವಾಗಿ ಖಂಡಿಸಿದ್ದನ್ನೂ ನಾವು ಮರೆಯಬಾರದು. ನಮ್ಮ ಕೈಯಲ್ಲೂ ಚೀಟಿಗಳಿವೆ ಎಂಬುದನ್ನೂ ಮರೆಯಬಾರದು. 'ಇಲ್ಲಿಯವರು ಹೀಗೇ, ಕುಡಿಯುವುದೇ ಕೆಲಸ', 'ಆ ದೇಶದವರು ಹಾಗೇ', 'ಉತ್ತರದವರು ಹೀಗೇ'. ಪಕ್ಕದ ಮನೆಯ ಅಜ್ಜಿಯ ಹೆಸರು ನಮಗೆ ಗೊತ್ತೇ? ಅವರ ಮಕ್ಕಳು ಯಾವ ದೇಶದಲ್ಲಿದ್ದಾರೆ ಎಂದು ಕೇಳಿದ್ದೇವೆಯೇ? ಕೇಳಿದರೆ ಬಹುಶಃ ಆಸ್ಟ್ರೇಲಿಯಾ, ಕೆನಡಾ ಎಂಬ ಉತ್ತರ ಬರುತ್ತದೆ. ಅವರ ಬಾಗಿಲಲ್ಲೂ ನಮ್ಮ ಅಮ್ಮನ ಬಾಗಿಲಲ್ಲಿರುವ ಕಾಯುವಿಕೆಯೇ ಇದೆ.

ಇಲ್ಲಿಗೆ ಸ್ವಿಫ್ಟ್‌ನ ಕಥೆಯ ಉಳಿದ ಭಾಗವನ್ನು ಹೇಳಬೇಕು. ಅಷ್ಟು ಮೆಚ್ಚುಗೆ ಸಿಕ್ಕ ಮೇಲೆ ಅವನು ಡಬ್ಲಿನ್‌ನಲ್ಲಿ ಉಳಿದು ದೊಡ್ಡ ಹೆಸರು ಮಾಡಿದನೆ? ಇಲ್ಲ. ಅದೇ 1952ರಲ್ಲಿ ಲಂಡನ್‌ಗೆ ಹೊರಟುಹೋದ. ಆ ದಶಕದಲ್ಲಿ ಐರ್ಲೆಂಡಿನಿಂದ ಕೆಲಸ ಹುಡುಕಿಕೊಂಡು ಹೊರಗೆ ಹೋದವರು ಸುಮಾರು 4 ಲಕ್ಷ. ಆಗ ಇಡೀ ಗಣರಾಜ್ಯದ ಜನಸಂಖ್ಯೆ 30 ಲಕ್ಷಕ್ಕಿಂತ ಕಡಿಮೆ ಎಂದರೆ ಲೆಕ್ಕ ಹಾಕಿ. ನಾವು ವಲಸೆ ಬಂದಿರುವ ಈ ನಾಡು ನಮಗಿಂತ ಹಳೆಯ ವಲಸಿಗರ ನಾಡು. ಸ್ವಿಫ್ಟ್ 1962ರಲ್ಲಿ ಲಂಡನ್ ಬಿಟ್ಟು ಪೋರ್ಚುಗಲ್‌ನ ದಕ್ಷಿಣ ತೀರದ ಅಲ್ಗಾರ್ವೆಗೆ ಹೋದ. ಅಲ್ಲಿ ಪೋರ್ಶೆಸ್ ಎಂಬ ಊರಿನಲ್ಲಿ ಒಂದು ಕುಂಬಾರಿಕೆ ಕಾರ್ಖಾನೆಯನ್ನು ಜೊತೆಗಾರರ ಸಂಗಡ ಕಟ್ಟಿ, ಕ್ಷೀಣಿಸುತ್ತಿದ್ದ ಅಲ್ಲಿನ ಕೈಕಸುಬಿಗೆ ಮತ್ತೆ ಜೀವ ಕೊಟ್ಟ. ಹೋದಲ್ಲೆಲ್ಲ ಎದುರಿಗೆ ಇದ್ದ ಮರಗಳನ್ನು, ಎದುರಿಗೆ ಕುಳಿತ ಸ್ನೇಹಿತರನ್ನು ಬಿಡಿಸಿದ. 1983ರಲ್ಲಿ ಅಲ್ಲೇ ತೀರಿಕೊಂಡ. ಡಬ್ಲಿನ್ ಅವನನ್ನು ಹೆಚ್ಚುಕಡಿಮೆ ಮರೆತಿತ್ತು. ಅವನು ಸತ್ತು ಹತ್ತು ವರ್ಷಕ್ಕೆ, 1993ರಲ್ಲಿ, ಕಿಲ್ಮೇನಂನ ಆಧುನಿಕ ಕಲಾ ಸಂಗ್ರಹಾಲಯ ಅವನ ಚಿತ್ರಗಳನ್ನು ಒಟ್ಟುಗೂಡಿಸಿ ಪ್ರದರ್ಶನ ನಡೆಸಿತು. ಕುಂಡದ ಗಿಡಗಳು ತಮ್ಮ ಊರಿಗೆ ಮರಳಿದವು.

ಅವನ ಸ್ನೇಹಿತರಲ್ಲಿ ಒಬ್ಬರು ಕವಿ ಪ್ಯಾಟ್ರಿಕ್ ಕ್ಯಾವನಾ. ಮೊನಹನ್ ಜಿಲ್ಲೆಯ ಒಂದು ಹಳ್ಳಿಯ ರೈತ. ಅದೇ 1952ರಲ್ಲಿ ತಮ್ಮ ಪೀಟರ್ ಜೊತೆ ಸೇರಿ 13 ವಾರ ಒಂದು ಪತ್ರಿಕೆ ನಡೆಸಿ ಕೈ ಸುಟ್ಟುಕೊಂಡವರು. ಕ್ಯಾವನಾ ಒಂದು ಭೇದವನ್ನು ಹೇಳುತ್ತಿದ್ದರು. ತನ್ನ ಊರಿನ ಬದುಕು ಬೆಲೆಯುಳ್ಳದ್ದೋ ಅಲ್ಲವೋ ಎಂದು ತಿಳಿಯಲು ಸದಾ ದೊಡ್ಡ ಪಟ್ಟಣದ ಕಡೆ ನೋಡುವವನು ಒಬ್ಬ. ತನ್ನ ಬೀದಿ, ತನ್ನ ಹೊಲ ಸಾಕಷ್ಟು ದೊಡ್ಡ ಲೋಕ ಎಂದು ನಂಬಿ ಬರೆಯುವವನು ಇನ್ನೊಬ್ಬ. ಕ್ಯಾವನಾ ಅವರ ಒಲವು ಎರಡನೆಯವನ ಕಡೆ. ಈ ಮಾತು ನಮಗೆ ಚೆನ್ನಾಗಿ ಒಪ್ಪುತ್ತದೆ. ನಾವು ಒಂದು ಕಣ್ಣು ಬೆಂಗಳೂರಿನ ಮೇಲೆ, ಇನ್ನೊಂದು ಕಣ್ಣು ಡಬ್ಲಿನ್‌ನವರು ಏನೆಂದುಕೊಳ್ಳುತ್ತಾರೋ ಎಂಬುದರ ಮೇಲೆ ಇಟ್ಟಿದ್ದೇವೆ. ನಮ್ಮ ಎದುರಿಗಿರುವ ಅಡುಗೆಮನೆಯನ್ನು ನೋಡಲು ಮೂರನೆಯ ಕಣ್ಣು ಎಲ್ಲಿಂದ ತರುವುದು!

ಈಗ ಕೆಲಸದ ಮಾತು. ಬರೀ ಉಪದೇಶ ಮಾಡಿ ಹೋದರೆ ಊಟ ರುಚಿಸುವುದಿಲ್ಲ.

ಒಂದು. ಪ್ರತಿ ರಾಜ್ಯೋತ್ಸವಕ್ಕೂ ನಾವು ಮಕ್ಕಳಿಗೆ ಚಿತ್ರಸ್ಪರ್ಧೆ ಇಡುತ್ತೇವೆ. ಮಕ್ಕಳು ಭುವನೇಶ್ವರಿ, ಜೋಗ, ಮೈಸೂರು ಅರಮನೆ ಬಿಡಿಸುತ್ತಾರೆ. ಅವರಲ್ಲಿ ಅನೇಕರು ಜೋಗ ನೋಡಿಲ್ಲ, ಗೂಗಲ್ ನೋಡಿ ಬಿಡಿಸುತ್ತಾರೆ. ಅದು ಇರಲಿ, ಬೇಡ ಎನ್ನುವುದಿಲ್ಲ. ಮುಂದಿನ ವರ್ಷದಿಂದ ಜೊತೆಗೆ ಇನ್ನೊಂದು ವಿಷಯ ಕೊಡೋಣ: 'ನಮ್ಮ ಮನೆಯ ಮಂಗಳವಾರ'. ಪ್ರೆಷರ್ ಕುಕ್ಕರ್, ಲುವಾಸ್ ಸ್ಟಾಪ್, ಒದ್ದೆ ಶೂ, ಅಜ್ಜಿಯ ಮುಖ ಇರುವ ಫೋನ್. ಏನು ಬರುತ್ತದೋ ನೋಡೋಣ.

ಎರಡು. ನಮ್ಮ ನಡುವೆಯೇ ಬಣ್ಣ ಹಿಡಿದ ಹುಡುಗ ಹುಡುಗಿಯರಿದ್ದಾರೆ. ಹಬ್ಬದ ವೇದಿಕೆಯ ಹಿಂದಿನ ಪರದೆ ಬಿಡಿಸಲು ಅವರನ್ನು ಕರೆಯುತ್ತೇವೆ, ಆಮೇಲೆ ಮರೆಯುತ್ತೇವೆ. ವರ್ಷಕ್ಕೆ ಒಬ್ಬರಿಗೆ ಒಂದು ಏಕವ್ಯಕ್ತಿ ಪ್ರದರ್ಶನ ಮಾಡಿಸೋಣ. ದೊಡ್ಡ ಗ್ಯಾಲರಿ ಬೇಕಿಲ್ಲ, ಸಮುದಾಯ ಭವನದ ಒಂದು ಗೋಡೆ ಸಾಕು. ನಮ್ಮ ಕೌಂಟಿಯ ಡನ್ ಲೇರಿಯಲ್ಲಿ 2014ರಲ್ಲಿ ತೆರೆದ ಲೆಕ್ಸಿಕನ್ ಗ್ರಂಥಾಲಯದ ಒಳಗೆ ಗ್ಯಾಲರಿಯೇ ಇದೆ. ಅಲ್ಲಿ ಹೋಗಿ ನೋಡಿ, ವಿಚಾರಿಸಿ. ಚೌಕಟ್ಟಿನ ಖರ್ಚನ್ನು ನಾವು ಹತ್ತು ಮನೆಯವರು ಹಂಚಿಕೊಂಡರೆ ಒಂದು ದಿನದ ಊಟದ ಖರ್ಚೂ ಆಗುವುದಿಲ್ಲ. ಪಕ್ಕದ ಮನೆಯ ಅಜ್ಜಿಯನ್ನೂ ಉದ್ಘಾಟನೆಗೆ ಕರೆಯೋಣ. ನಮ್ಮ ಬಗ್ಗೆ ಅವರಿಗೆ ಇರುವ ಚೀಟಿ ಕಳಚಲು ನೂರು ಭಾಷಣಕ್ಕಿಂತ ಅವರ ಅಡುಗೆಮನೆಯಂಥದೇ ಒಂದು ಅಡುಗೆಮನೆಯ ಚಿತ್ರ ಹೆಚ್ಚು ಕೆಲಸ ಮಾಡುತ್ತದೆ.

ಮೂರು. ಹೋಗಿ ನೋಡಿ. ಮೆರಿಯನ್ ಸ್ಕ್ವೇರ್ ಬಳಿಯ ರಾಷ್ಟ್ರೀಯ ಗ್ಯಾಲರಿಯ ಶಾಶ್ವತ ಸಂಗ್ರಹಕ್ಕೆ ಪ್ರವೇಶ ಉಚಿತ. ಡಾಸನ್‌ನಲ್ಲಿ ಇಳಿದರೆ ಹತ್ತೇ ನಿಮಿಷದ ನಡಿಗೆ. ಎಲ್ಲ ನೋಡಲು ಹೋಗಬೇಡಿ, ಕಾಲು ನೋಯುತ್ತದೆ. ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ಮೊದಲ ಎರಡು ನಿಮಿಷ ಬೇಸರ. ಐದನೆಯ ನಿಮಿಷಕ್ಕೆ ಏನೋ ಕಾಣಲು ಶುರುವಾಗುತ್ತದೆ. ಮನೆಗೆ ಬಂದ ಮೇಲೆ ಅದೇ ಹತ್ತು ನಿಮಿಷವನ್ನು ನಿಮ್ಮ ಮಕ್ಕಳ ಮುಖಕ್ಕೆ, ಹೆಂಡತಿಯ ಅಥವಾ ಗಂಡನ ಮುಖಕ್ಕೆ ಕೊಟ್ಟು ನೋಡಿ. 'ಏನಾಯ್ತು ನಿಮಗೆ?' ಎಂದು ಅವರು ಕೇಳಿದರೆ ಸಮಾವೇಶದ ಭಾಷಣಕಾರನ ಮೇಲೆ ಹಾಕಿ.

ಇಂದು ಇಲ್ಲಿಂದ ಹೊರಟವರಲ್ಲಿ ಬಹಳ ಮಂದಿ ಹಸಿರು ಲೈನ್ ಹತ್ತುತ್ತೀರಿ. ಹಾರ್ಕೋರ್ಟ್ ಬಂದಾಗ ಒಮ್ಮೆ ತಲೆ ಎತ್ತಿ ಹ್ಯಾಚ್ ಸ್ಟ್ರೀಟಿನ ಕಡೆ ನೋಡಿ. ಅಲ್ಲಿ ಗ್ಯಾಸ್ ಕಂಪನಿಯಲ್ಲಿ ದುಡಿದಿದ್ದ ಒಬ್ಬ ಹುಡುಗ ಒಂದು ಕುಂಡದ ಗಿಡವನ್ನು ಇಷ್ಟು ಗಮನವಿಟ್ಟು ನೋಡಿದ್ದರಿಂದ, ಎಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ಕನ್ನಡಿಗರು ಸ್ಯಾಂಡಿಫರ್ಡ್‌ನಲ್ಲಿ ಕುಳಿತು ಅದರ ಬಗ್ಗೆ ಮಾತಾಡುತ್ತಿದ್ದಾರೆ. ನಮ್ಮ ಕರಿಬೇವಿನ ಗಿಡಕ್ಕೂ ಅಂಥ ಒಬ್ಬ ಸಿಗಲಿ.

ಅಲಾರಂ ಹೊಡೆಯಲಿಲ್ಲ, ಅಂದರೆ ಒಗ್ಗರಣೆ ಚೆನ್ನಾಗಿ ಆಗಿದೆ. ಊಟಕ್ಕೆ ಏಳೋಣ.